ಬೀಸುಕಲ್ಲು ಇಳಿಸದೆ ಅಳೆದ ಬಂಡಿ

ಹುರುಳಿ ತಿಂಗಳು, ಮೂವತ್ನಾಲ್ಕನೇ ದಿನ, 2219
ರಾಣೆಬೆನ್ನೂರು

ಮಾನಪ್ಪ ಕಮ್ಮಾರ ಅವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು. ಒಂದೊಂದಕ್ಕೂ ಒಂದೊಂದು ಬೆಳೆಯ ಹೆಸರು, ಒಂದೊಂದರಲ್ಲೂ ಮೂವತ್ತಾರು ದಿನ. ಮಿಕ್ಕುವ ಐದಾರು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನಿಸೀತು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ವಿಮಾ ವರದಿಗಳನ್ನು ಓದಿ. ಹಾಗಾಗಿ ಎಲ್ಲಾದರೂ ಪ್ರೀತಿಯಿಂದ ಮಾತಾಡುತ್ತಿರುವಾಗಲೇ "ಸದರಿ ವಾಹನವು" ಎಂದು ಬಾಯಿಗೆ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ನೀಲಗಂಗಾ ಹಾವನೂರ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಮೋಟಾರು ವಿಮೆಯ ಸರ್ವೇಯರ್, ನಮ್ಮ ಮಾತಿನಲ್ಲಿ ನೋಟಗಾರ್ತಿ. ಅಂದರೆ ನಾವಿಬ್ಬರೂ ಒಂದೇ ಕಸುಬಿನವರು, ನಡುವೆ ಬರೀ ನೂರ ತೊಂಬತ್ಮೂರು ವರ್ಷ! ನಿಮ್ಮನ್ನು ಅಜ್ಜ ಎನ್ನಬೇಕು, ಆದರೆ ಈ ಓಲೆ ಓದುವ ಹೊತ್ತಿಗೆ ನಿಮಗೆ ಮೂವತ್ತೆಂಟು, ನನಗೆ ನಲವತ್ತೇಳು. ಆದ್ದರಿಂದ ಮಾನಪ್ಪನವರೇ ಎಂದೇ ಕರೆಯುತ್ತೇನೆ. ನಮ್ಮ ಕಾಲದಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಹಿನ್ನೋಲೆ ಬರೆಯುವ ಹಕ್ಕಿದೆ. ಹಿನ್ನೋಲೆ ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಓಲೆ. ಅದು ಹೇಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡಿ. ನಿಮ್ಮ ಕಿಸೆಯಲ್ಲಿರುವ ಮೊಬೈಲು ಹೇಗೆ ನಡೆಯುತ್ತದೆ ಎಂದು ನಿಮಗೆ ಎಷ್ಟು ಗೊತ್ತೋ, ಇದರ ಬಗ್ಗೆ ನನಗೂ ಅಷ್ಟೇ ಗೊತ್ತು. ಯುದ್ಧ, ರೋಗ, ಚುನಾವಣೆ ಅಂತ ದೊಡ್ಡ ಸುದ್ದಿ ಬರೆದರೆ ಅಕ್ಷರ ದಾರಿಯಲ್ಲೇ ಅಳಿಸಿಹೋಗುತ್ತದೆ. ಸಣ್ಣ ಸಂಗತಿಗಳು ಸಲೀಸಾಗಿ ತಲುಪುತ್ತವೆ. ನನ್ನ ಗಂಡ ಶಿವಪುತ್ರ ತನ್ನ ಓಲೆಯನ್ನು ಮುತ್ತಜ್ಜಿಗೆ ಬರೆದು ಗುರೆಳ್ಳು ಚಟ್ನಿಯ ಹದ ಬರೆದಿಡಲು ಕೇಳಿದ. ನಾನು ನಿಮಗೆ ಬರೆಯುತ್ತೇನೆ ಎಂದಾಗ ಮನೆಯವರನ್ನೆಲ್ಲ ಕರೆದು ಹೇಳಿದ, "ಇದ್ದದ್ದೊಂದು ಓಲಿ, ಅದನ್ನೂ ಗುಜರಿ ಗಾಡಿ ನೋಡಾಂವಗ ಬರೀತಾಳಂತ ಈಕಿ!" ನಗಲಿ ಬಿಡಿ. ಇವತ್ತು ನನಗೆ ಎಷ್ಟು ಖುಷಿಯಾಗಿದೆ ಎಂದರೆ ಯಾರು ನಕ್ಕರೂ ಸಿಟ್ಟು ಬರುವುದಿಲ್ಲ.

ನಿಮಗೆ ಅರ್ಥವಾಗಲೆಂದು ನಮ್ಮ ಪದ್ಧತಿಯನ್ನು ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ವಿಮಾ ಕಂಪನಿಗಳಿಲ್ಲ, ಊರಿಗೊಂದು ಹೊಣೆಕೂಟ ಇದೆ. ಗಾಡಿ ಇರುವವರೆಲ್ಲ ಅದರ ಸದಸ್ಯರು. ಒಬ್ಬರ ಗಾಡಿ ಜಖಂ ಆದರೆ ಎಲ್ಲರೂ ಹೊಣೆ. ನೀವು ರಿಪೇರಿ ಖರ್ಚನ್ನು ಗಾಡಿಯ ಘೋಷಿತ ಬೆಲೆಯ ಜೊತೆ ತೂಗಿ, ಮುಕ್ಕಾಲು ಪಾಲು ದಾಟಿದರೆ ಟೋಟಲ್ ಲಾಸ್ ಎಂದು ಬರೆಯುತ್ತೀರಿ. ನಾವು ತೂಗುವುದು ಕೈದಿನಗಳನ್ನು, ಅಂದರೆ ಒಬ್ಬ ಕಸುಬುದಾರ ಒಂದು ದಿನದಲ್ಲಿ ಮಾಡುವ ಕೆಲಸವನ್ನು. ಹೊಸ ಬಂಡಿ ಕಟ್ಟಲು ನಲವತ್ತು ಕೈದಿನ ಬೇಕು. ರಿಪೇರಿಗೆ ಮೂವತ್ತಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದಾದರೆ ಬಂಡಿಗೆ ಕರಗುಚೀಟಿ ಅಂಟಿಸುತ್ತೇವೆ, ನಾಲ್ಕನೇ ದಿನ ಬೆಳಿಗ್ಗೆ ಅದು ಕರಗುಮನೆಗೆ ಹೋಗಿ ಕಬ್ಬಿಣದ ನೀರಾಗುತ್ತದೆ. ಮೂವತ್ತರೊಳಗಿದ್ದರೆ ಉಳಿವುಚೀಟಿ. ನೋಡಿ, ಇಷ್ಟೆಲ್ಲ ಬದಲಾದರೂ ಆ ಮುಕ್ಕಾಲು ಮಾತ್ರ ಹಾಗೇ ಉಳಿದಿದೆ. ಯಾಕೆ ಮುಕ್ಕಾಲೇ ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೇನಾದರೂ ಗೊತ್ತಿತ್ತೇ? ಇನ್ನೊಂದೂ ಉಳಿದಿದೆ: ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ನಿಮ್ಮ ವರದಿಗಳಲ್ಲಿ ಆ ಬೂದುಬಣ್ಣದ ಅಚ್ಚು ಕಂಡ ದಿನ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

ಪೆಟ್ಟು ಅಳೆಯಲು ನಮ್ಮ ಹತ್ತಿರ ಒಂದು ಬಟ್ಟೆ ಇದೆ. ಹೆಸರು ದೊಡ್ಡದು, ನಾವು ಕಂಬಳಿ ಎನ್ನುತ್ತೇವೆ. ಜಖಂ ಆದ ಗಾಡಿಯ ಮೇಲೆ ಅದನ್ನು ಹೊದಿಸಿ, ಊಟ ಮಾಡಿ ಬರುವಷ್ಟು ಹೊತ್ತು ಬಿಟ್ಟರೆ, ಎಲ್ಲಿ ಬಿರುಕು, ಎಲ್ಲಿ ಡೊಂಕು, ಎಷ್ಟು ಕೈದಿನ ಎಂದು ಅಂಚಿನಲ್ಲಿ ಮೂಡಿಸುತ್ತದೆ. ಕೆಳಗೆ ಮುದ್ರೆ ಒತ್ತುವುದು ನೋಟಗಾರ್ತಿಯ ಕೆಲಸ. ಉಳಿವುಚೀಟಿ ಕೊಟ್ಟವಳಿಗೆ ಇನ್ನೂ ಒಂದು ಕಟ್ಟಳೆ ಇದೆ. ರಿಪೇರಿಯಾದ ಗಾಡಿಯ ಮೊದಲ ಸವಾರಿಯಲ್ಲಿ ಅವಳೇ ಕೂರಬೇಕು, ಜೊತೆಗೆ ತನ್ನ ಮನೆಯವರೊಬ್ಬರನ್ನು ಕೂರಿಸಬೇಕು. ಒಳ್ಳೆಯ ಕಟ್ಟಳೆಯೇ. ಆದರೆ ಅದರಿಂದ ಏನಾಗಿದೆ ಎಂದರೆ, ಸ್ವಲ್ಪ ಅನುಮಾನ ಬಂದರೂ ಸಾಕು, ನಾವು ಕರಗುಚೀಟಿ ಅಂಟಿಸಿ ಕೈ ತೊಳೆದುಕೊಳ್ಳುತ್ತೇವೆ. ಕರಗಿದ ಗಾಡಿಯಲ್ಲಿ ಯಾರೂ ಸವಾರಿ ಮಾಡಬೇಕಾಗಿಲ್ಲವಲ್ಲ.

ಈಗ ಗದಿಗೆವ್ವನ ವಿಷಯ. ಗದಿಗೆವ್ವನದು ಗಿರಣಿ ಬಂಡಿ, ಬಿಸಿಲಿನಿಂದ ಓಡುವಂಥದ್ದು. ಒಳಗೆ ಜೋಡಿ ಬೀಸುಕಲ್ಲು. ಮೇಡ್ಲೇರಿ ಕಡೆಯ ಒಂಬತ್ತು ಊರುಗಳಿಗೆ ಸರದಿಯ ಮೇಲೆ ಹೋಗಿ ಮನೆಬಾಗಿಲಲ್ಲೇ ಜೋಳ ಬೀಸಿಕೊಡುತ್ತಾಳೆ. ಯಾರ ಮನೆಗೆ ಸಣ್ಣ ಹಿಟ್ಟು, ಯಾರ ಮನೆಯ ನುಚ್ಚಿಗೆ ತರಿ, ಯಾವ ಬಾಣಂತಿಗೆ ಯಾವ ಹದ, ಎಲ್ಲ ಅವಳ ತಲೆಯಲ್ಲೇ ಇದೆ. ಹೋದ ವಾರ ಇಳಿಜಾರಿನಲ್ಲಿ ಬಂಡಿ ಜಾರಿ ಕಾಲುವೆಗೆ ಮಗುಚಿತು. ಪುಣ್ಯಕ್ಕೆ ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬಂಡಿಯನ್ನು ಎಳೆದು ತಂದರು, ಸೋಮವಾರ ನಾನು ಕಂಬಳಿ ಹಿಡಿದುಕೊಂಡು ಹೋದೆ. ಅಳೆಯುವ ಮೊದಲು ಗಾಡಿ ಖಾಲಿ ಮಾಡಬೇಕು ಎಂಬುದು ನಿಯಮ. ನಾನು ನಿಯಮದ ಹೆಂಗಸು! ಜೋಳದ ಚೀಲ, ಹಿಟ್ಟಿನ ಡಬ್ಬಿ, ಜರಡಿ, ಕೊನೆಗೆ ಅವಳ ಬುತ್ತಿಯ ಗಂಟನ್ನೂ ಇಳಿಸಿದೆ. ಕಂಬಳಿ ಹೊದಿಸಿ, ಊಟ ಮಾಡಿ ಬಂದು ನೋಡಿದರೆ ಬಲಗಡೆಯ ಚಾಸಿ ಪಟ್ಟಿ ಡೊಂಕು, ಒಟ್ಟು ಮೂವತ್ನಾಲ್ಕು ಕೈದಿನ. ಮುದ್ರೆ ಒತ್ತಿದೆ, ಕರಗುಚೀಟಿ ಅಂಟಿಸಿದೆ.

ಹೊಸ ಬಂಡಿ ಕೊಡುತ್ತಾರಲ್ಲ, ಅದರಲ್ಲೇನು ಎನ್ನುತ್ತೀರಾ? ಕೊಡುತ್ತಾರೆ. ಆದರೆ ನಮ್ಮಲ್ಲಿ ಹಾದಿಹಕ್ಕು, ಅಂದರೆ ಇಂಥ ಊರುಗಳಲ್ಲಿ ಓಡಿಸಬಹುದು ಎಂಬ ಪರವಾನಗಿ, ಇರುವುದು ಚಾಸಿ ನಂಬರಿಗೆ. ಚಾಸಿ ಕರಗಿದರೆ ಹಾದಿಯ ಹೆಸರು ಚೀಟಿ ಎತ್ತುವ ಗಡಿಗೆಗೆ ಹೋಗುತ್ತದೆ. ಇಪ್ಪತ್ತೆರಡು ವರ್ಷ ಓಡಾಡಿದ ಒಂಬತ್ತು ಊರು ಇನ್ಯಾರಿಗೋ ಸಿಗುತ್ತದೆ. ಗದಿಗೆವ್ವ ಅಳಲಿಲ್ಲ, ಬೈಯಲೂ ಇಲ್ಲ. ಅಂಟಿಸಿದ ಚೀಟಿಯನ್ನೇ ನೋಡುತ್ತ ಕೇಳಿದಳು, "ಬಂಡಿ ಕರಗಸ್ರಿ, ನಾ ಬ್ಯಾಡಂಗಿಲ್ಲ. ಆದ್ರ ನಂಬರ ಕರಗಿದ ಮ್ಯಾಲ ನನ್ನ ಒಂಬತ್ತೂರ ಹಾದಿ ಯಾರ ಪಾಲಾಗತೈತಿ, ಅದನ್ನರ ಹೇಳವಾ." ಕಂಬಳಿ ಮಡಚಿಕೊಂಡು ಬಂದುಬಿಟ್ಟೆ.

ಬುಧವಾರ ಬೆಳಿಗ್ಗೆ ಹೊಣೆಕೂಟದ ಉಗ್ರಾಣದಲ್ಲಿ ಕೂತು ನಿಮ್ಮ ವರದಿಗಳ ಕಟ್ಟು ಬಿಚ್ಚಿದೆ. ಮನಸ್ಸು ಸರಿಯಿಲ್ಲದಾಗ ನಾನು ನಿಮ್ಮನ್ನು ಓದುತ್ತೇನೆ, ಮಾನಪ್ಪನವರೇ. ನಿಮ್ಮವು ಒಟ್ಟು ನಲವತ್ತೊಂದು ವರದಿ ಉಳಿದಿವೆ. ಗ್ಯಾರೇಜಿನವರು ಒಂದು ಬಂಪರಿಗೆ ಎರಡು ಬಂಪರ್ ಬರೆದರೆ ಅದರ ಪಕ್ಕ ನೀವು ಹಾಕುವ ಕೆಂಪು ಪ್ರಶ್ನಾರ್ಥಕ ಚಿಹ್ನೆ ನೋಡಿ ಎಷ್ಟು ಸಲ ನಕ್ಕಿದ್ದೇನೋ! ಅವತ್ತು ಕೈಗೆ ಬಂದದ್ದು ಹಜರೇಸಾಬರ ಟೆಂಪೋ. ಗೋವಿನಜೋಳದ ಚೀಲ ಹೇರಿಕೊಂಡು ಹೋಗುವಾಗ ಮೋಟೆಬೆನ್ನೂರಿನ ಹತ್ತಿರ ಡಿವೈಡರಿಗೆ ಗುದ್ದಿದ ಗಾಡಿ. ನೀವು ಟೇಪು ಹಿಡಿದು ಚಾಸಿ ಅಳೆದು, ಡೊಂಕಾಗಿದೆ, ಬದಲಿಸಬೇಕು, ಖರ್ಚು ಮುಕ್ಕಾಲು ದಾಟುತ್ತದೆ, ಟೋಟಲ್ ಲಾಸ್ ಎಂದು ಬರೆದಿದ್ದಿರಿ. ಅದರ ಹಿಂದೆ ಟಾಚಣಿ ಚುಚ್ಚಿದ ಇನ್ನೊಂದು ಕಾಗದ ಇತ್ತು. ಅದು ಕೈಬರಹದ್ದು. ಕಂಪ್ಯೂಟರಿನಲ್ಲಿ ತಪ್ಪು ಒಪ್ಪಿಕೊಳ್ಳುವ ಖಾನೆಯೇ ಇಲ್ಲವೆಂದು ಮೊದಲ ಸಾಲಿನಲ್ಲೇ ಗೊಣಗಿದ್ದೀರಿ. ಆಮೇಲೆ ಹೀಗೆ: "ನಾನು ಅಳೆದಾಗ ಗಾಡಿಯಲ್ಲಿ ಮಾಲು ಹಾಗೇ ಇತ್ತು. ಒಂದು ಕಡೆಯ ಸ್ಪ್ರಿಂಗ್ ಮುರಿದು ಭಾರವೆಲ್ಲ ಬಲಕ್ಕೆ ವಾಲಿತ್ತು. ಚೀಲ ಇಳಿಸಿದ ಮೇಲೆ ಮತ್ತೆ ಅಳೆದೆ. ಚಾಸಿ ನೆಟ್ಟಗಿದೆ. ನನ್ನ ಮೊದಲ ವರದಿ ತಪ್ಪು. ಟೋಟಲ್ ಲಾಸ್ ರದ್ದು ಮಾಡಿ ರಿಪೇರಿಗೆ ಒಪ್ಪಿಗೆ ಕೊಡಬೇಕಾಗಿ ಕೋರುತ್ತೇನೆ."

ಓದಿದವಳೇ ದಿಗ್ಗನೆ ಎದ್ದೆ. ಕಲ್ಲು! ಗದಿಗೆವ್ವನ ಬೀಸುಕಲ್ಲು ನಾನು ಇಳಿಸಿರಲಿಲ್ಲ. ಬುತ್ತಿಯ ಗಂಟು ಇಳಿಸಿದವಳು ಆನೆಭಾರದ ಕಲ್ಲನ್ನು ಹಾಗೇ ಬಿಟ್ಟಿದ್ದೆ. ಬೋಲ್ಟು ಹಾಕಿ ಬಿಗಿದದ್ದರಿಂದ ಅದು ಬಂಡಿಯ ಅಂಗವೇ ಎಂದುಕೊಂಡಿದ್ದೆ. ನಮ್ಮ ಕಸುಬಿನವರ ಕಣ್ಣಿಗೆ ನಟ್ಟು ಬೋಲ್ಟು ಇದ್ದದ್ದೆಲ್ಲ ಗಾಡಿ, ಇಲ್ಲದ್ದೆಲ್ಲ ಸಾಮಾನು. ಮಗುಚಿದಾಗ ಮೇಲುಗಲ್ಲು ಬೋಲ್ಟು ಕಿತ್ತುಕೊಂಡು ಜಾರಿ ಬಲಪಟ್ಟಿಯ ಮೇಲೆ ಒರಗಿದ್ದರೆ? ಆ ಭಾರಕ್ಕೆ ಪಟ್ಟಿ ಬಾಗಿದ್ದನ್ನೇ ಕಂಬಳಿ ಡೊಂಕು ಎಂದು ಓದಿದ್ದರೆ?

ಇಷ್ಟು ಹೊಳೆದ ಕೂಡಲೇ ನಾನು ಓಡಿಹೋದೆ ಎಂದು ಬರೆಯಲು ಆಸೆ. ಓಡಲಿಲ್ಲ. ನಮ್ಮಲ್ಲಿ ಒತ್ತಿದ ಮುದ್ರೆಯನ್ನು ತಾನೇ ವಾಪಸು ಕೇಳಿದವಳು, ಸರಿಯೇ ಇರಲಿ ತಪ್ಪೇ ಇರಲಿ, ಒಂದು ವರ್ಷ ತನ್ನ ಮುದ್ರೆಯನ್ನು ಹೊಣೆಕೂಟದ ಗೋಡೆಗೆ ತೂಗುಹಾಕಬೇಕು. ಬಂದುಹೋದವರೆಲ್ಲ ನೋಡುತ್ತಾರೆ. ಇಪ್ಪತ್ತು ವರ್ಷ ಗಳಿಸಿದ ಹೆಸರು. ಕರಗುಮನೆಗೆ ಹೋಗುವುದು ಶುಕ್ರವಾರ ತಾನೇ, ನೋಡೋಣ ಎಂದುಕೊಂಡು ಮನೆಗೆ ಬಂದು ಬಟ್ಟೆ ಒಗೆದೆ, ಒಗೆದದ್ದನ್ನೇ ಇನ್ನೊಮ್ಮೆ ಒಗೆದೆ. ಬುಧವಾರ ಇಡೀ ದಿನ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ, ಆದರೂ ನಿಮ್ಮೆದುರು ಮುಚ್ಚಿಡುವುದಿಲ್ಲ.

ಗುರುವಾರ ಮಧ್ಯಾಹ್ನ ಹೊಣೆಕೂಟದ ಯಜಮಾನರಾದ ದಾದಾಪೀರ್ ಕಾಕಾನ ಮುಂದೆ ನಿಂತೆ. ನಿಮ್ಮ ಎರಡನೇ ಕಾಗದವನ್ನು ಅವರ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ನಲವತ್ತ ವರ್ಷದಾಗ ಕೊಟ್ಟ ಚೀಟಿ ವಾಪಸ್ ಕೇಳಿದಾಕಿ ನೀನ ಮೊದಲನೇದಾಕಿ ನೋಡವಾ," ಎಂದರು. "ಕಲ್ಲ ಎತ್ತಿದ ಮ್ಯಾಲೂ ಡೊಂಕ ಇದ್ರ?" "ಇದ್ರ ಇರ್ಲಿ ಕಾಕಾ. ನೋಡದನ ಕರಗಸೂದು ಬ್ಯಾಡ," ಎಂದೆ. ಅವರು ಗೋಡೆಯಲ್ಲಿದ್ದ ಮೊಳೆಯತ್ತ ಕೈ ತೋರಿಸಿದರು. ಮುದ್ರೆಯನ್ನು ಸೆರಗಿನ ತುದಿಯಿಂದ ಬಿಚ್ಚಿ ನಾನೇ ತೂಗುಹಾಕಿದೆ. ಎದೆಯಿಂದ ಒಂದು ಚೀಲ ಇಳಿಸಿದಂತಾಯಿತು.

ಆಮೇಲಿನದನ್ನು ನೀವು ನೋಡಬೇಕಿತ್ತು! ನಾಲ್ಕು ಜನ ಸರಪಳಿ ಹಾಕಿ ಮೇಲುಗಲ್ಲು ಎತ್ತಿದರು. ಕಲ್ಲು ಅರ್ಧ ಗೇಣು ಮೇಲೆದ್ದಿರಬೇಕು, ಅಷ್ಟರಲ್ಲಿ ಬಂಡಿಯ ಹೊಟ್ಟೆಯೊಳಗಿಂದ ಟಣ್ ಎಂದು ಸದ್ದಾಯಿತು. ಪಟ್ಟಿ ಮುರಿಯಿತು ಎಂದುಕೊಂಡೆ. ಮುರಿದಿರಲಿಲ್ಲ. ಭಾರ ಕಳಚಿದ ಪಟ್ಟಿ ಪುಟಿದು ತನ್ನ ಜಾಗಕ್ಕೆ ಬಂದಿತ್ತು. ಎರಡೂ ಕಲ್ಲು ಇಳಿಸಿ, ಕಂಬಳಿ ಹೊದಿಸಿದೆವು, ಅವತ್ತು ಯಾರೂ ಊಟಕ್ಕೆ ಹೋಗಲಿಲ್ಲ. ಗದಿಗೆವ್ವ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳಿಗೆ ಅಕ್ಷರ ಕಾಣಿಸದು, ಕನ್ನಡಕ ಕಾಲುವೆಯ ಪಾಲಾಗಿದೆ. "ಏನಂತೈತವಾ ನಿನ್ನ ಕಂಬಳಿ?" ಎಂದು ಮೂರು ಸಲ ಕೇಳಿದಳು. ಅಂಚಿನಲ್ಲಿ ಮೂಡಿದ್ದು ಹದಿಮೂರು. ಮೂವತ್ನಾಲ್ಕಲ್ಲ, ಹದಿಮೂರು ಕೈದಿನ! ನಾನು ಕೂಗಿದ ಕೂಗಿಗೆ ಪಕ್ಕದ ಗ್ಯಾರೇಜಿನವರು ಯಾರೋ ಗಾಡಿಯ ಕೆಳಗೆ ಸಿಕ್ಕಿಬಿದ್ದರೆಂದು ಓಡಿಬಂದರು. ಗದಿಗೆವ್ವ ಎದ್ದು ಹೋಗಿ ಕರಗುಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಆಗ ಅತ್ತಳು. ನಾನೂ ಅತ್ತೆ, ಏನು ಮಾಡಲಿ.

ಶುಕ್ರವಾರ ಹದಿಮೂರು ಕಸುಬುದಾರರು ಕೂಡಿ ಒಂದೇ ದಿನದಲ್ಲಿ ರಿಪೇರಿ ಮುಗಿಸಿದರು, ಇವತ್ತು ಬೆಳಿಗ್ಗೆ ಮೊದಲ ಸವಾರಿ ಆಯಿತು. ನನ್ನ ಮುದ್ರೆ ಗೋಡೆಯಲ್ಲಿದ್ದುದರಿಂದ ಉಳಿವುಚೀಟಿಗೆ ಒತ್ತಿದ್ದು ದಾದಾಪೀರ್ ಕಾಕಾ, ಆದರೆ ಕೂರುವ ಹೊಣೆ ನನ್ನದೇ ಎಂದು ಹಟ ಹಿಡಿದೆ. ಜೊತೆಗೆ ಶಿವಪುತ್ರ ಬಂದ, ಮುಖ ಸಣ್ಣಗೆ ಮಾಡಿಕೊಂಡು. ಮೇಡ್ಲೇರಿಯ ಇಳಿಜಾರಿಗೆ ಬರುತ್ತಲೇ ಅವನು ಸರಳನ್ನು ಎರಡೂ ಕೈಯಲ್ಲಿ ಹಿಡಿದ. ಗದಿಗೆವ್ವ ಹಿಂದೆ ತಿರುಗಿ, "ಅಂಜಬ್ಯಾಡೋ ತಮ್ಮಾ, ನಿನ್ನ ಹೇಣ್ತಿ ಅಳತಿ ಮಾಡ್ಯಾಳ," ಎಂದು ಇನ್ನಷ್ಟು ಜೋರು ಬಿಟ್ಟಳು. ಬಂಡಿ ನೂಲು ಹಿಡಿದಂತೆ ನೆಟ್ಟಗೆ ಇಳಿಯಿತು. ಮೊದಲ ಊರಿನಲ್ಲಿ ಹೆಂಗಸರು ಜೋಳದ ಬುಟ್ಟಿ ಹೊತ್ತು ಸಾಲುಗಟ್ಟಿದ್ದರು. ಆರು ದಿನದಿಂದ ಅಂಗಡಿಯ ಹಳಸಲು ಹಿಟ್ಟು ತಿಂದು ಬೇಸತ್ತವರು. ಕಲ್ಲು ತಿರುಗಿತು, ಬಿಸಿ ಹಿಟ್ಟಿನ ವಾಸನೆ ಎದ್ದಿತು. ಶಿವಪುತ್ರ ಸದ್ದಿಲ್ಲದೆ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಅಲ್ಲಿಂದ ಬಂದವಳೇ, ಕೈಗೆ ಹಿಟ್ಟು ಅಂಟಿರುವಾಗಲೇ, ಈ ಓಲೆ ಬರೆಯಲು ಕೂತಿದ್ದೇನೆ.

ಬರೀ ಧನ್ಯವಾದ ಹೇಳಲು ಯಾರೂ ತಮ್ಮ ಒಂದೇ ಒಂದು ಹಿನ್ನೋಲೆಯನ್ನು ಖರ್ಚು ಮಾಡುವುದಿಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ನಿಮ್ಮ ಎರಡನೇ ಕಾಗದವನ್ನು ದಾದಾಪೀರ್ ಕಾಕಾನಿಂದ ವಾಪಸು ಪಡೆದು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ನೀವು ಹಾಕಿದ ತಾರೀಖು ಮಾರ್ಚ್ ಮೂರು. ಕೆಳಗೆ ಕಚೇರಿಯವರು ಸ್ವೀಕರಿಸಿದ ಮೊಹರು ಮಾರ್ಚ್ ಹದಿನಾಲ್ಕು. ರಾಣೆಬೆನ್ನೂರಿನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗಲು ಒಂದು ಕಾಗದಕ್ಕೆ ಹನ್ನೊಂದು ದಿನ ಬೇಕಾಗುವುದಿಲ್ಲ. ಅದರಲ್ಲಿ ನಾಲ್ಕು ಮಡಿಕೆಗಳಿವೆ, ಮಡಿಕೆಯ ಗುಂಟ ಬೆವರಿಗೆ ಶಾಯಿ ಹರಡಿದೆ, ಮೂಲೆ ಸವೆದಿದೆ. ಅದು ಅಷ್ಟೂ ದಿನ ಅಂಗಿಯ ಕಿಸೆಯಲ್ಲಿತ್ತು. ನಾನು ಒಂದು ದಿನ ಬಟ್ಟೆ ಒಗೆದೆನಲ್ಲ, ಹಾಗೆ ನೀವು ಹನ್ನೊಂದು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದೀರಿ. ಸರ್ವೇಯರ್ ಮಾನಪ್ಪ ಮಾಲು ಇಳಿಸದೆ ಅಳೆದನಂತೆ ಎಂದು ಗ್ಯಾರೇಜಿನವರು ನಕ್ಕಾರು, ಕಂಪನಿಯವರು ಇನ್ನು ಕೆಲಸ ಕೊಡಲಾರರು ಎಂದು ಹೆದರಿದ್ದೀರಿ. ನನಗೆ ಆ ಹೆದರಿಕೆ ಚೆನ್ನಾಗಿ ಗೊತ್ತು.

ಅದಕ್ಕೇ ಈ ಓಲೆಗೆ ನಾನು ಹಾಕಿಸಿರುವುದು ಮಾರ್ಚ್ ಹದಿನಾಲ್ಕರ ಬೆಳಗಿನ ವಿಳಾಸ. ಓಲೆ ಬರದಿದ್ದರೂ ನೀವಾಗಿಯೇ ಹೋಗಿ ಕೊಡುತ್ತಿದ್ದಿರೇನೋ. ಕೊಡುತ್ತಿರಲಿಲ್ಲವೇನೋ. ನಾನಂತೂ ಆ ಅನುಮಾನ ಇಟ್ಟುಕೊಂಡು ಮಲಗಲಾರೆ.

ಹಜರೇಸಾಬರ ಟೆಂಪೋ ಈ ಹೊತ್ತಿಗೆ ಗುಜರಿ ಅಂಗಳದಲ್ಲಿ ನಿಂತಿದೆ, ಹರಾಜು ನಾಳೆ. ಅದು ಇನ್ನೂ ಇಡಿಯಾಗಿದೆ. ಕೆಲಸ ಹೋಗದು ಎಂದು ನಾನು ಭರವಸೆ ಕೊಡಲಾರೆ, ನನ್ನ ಮುದ್ರೆಯೇ ಗೋಡೆಯಲ್ಲಿದೆ. ಆದರೆ ಕೊಟ್ಟ ಮೇಲೆ ಹಗುರಾಗುತ್ತದೆ, ಅದನ್ನು ಆಣೆ ಮಾಡಿ ಹೇಳಬಲ್ಲೆ. ಕಚೇರಿ ಹತ್ತಕ್ಕೆ ತೆರೆಯುತ್ತದೆ. ಅಂಗಿ ಬದಲಿಸಬೇಡಿ, ಕಾಗದ ಅದರಲ್ಲೇ ಇದೆ. ಹೋಗಿ ಬನ್ನಿ.

ನಿಮ್ಮ ಕಸುಬಿನವಳು,
ನೀಲಗಂಗಾ